ಉಪವಾಸಕ್ಕೂ ಸಿದ್ಧತೆ ಬೇಕು



ತಪಸ್ಸುಕಾಲ ಹತ್ತಿರ ಬಂತೆಂದರೆ ನಮ್ಮ ಮನೆಗಳಲ್ಲಿ ಎರಡು ಮಾತುಗಳು ಕೇಳಿಬರುತ್ತವೆ. "ಈ ವರ್ಷ ಏನನ್ನು ಬಿಡೋಣ?" ಎಂಬುದು ಹಳೆಯ ಮಾತು. "ಹೇಗೂ ಉಪವಾಸ ಮಾಡುತ್ತೇವಲ್ಲ, ಮೂರು ದಿನ ಬರೀ ರಸ ಕುಡಿದು ದೇಹದ ವಿಷವನ್ನೂ ಹೊರಹಾಕೋಣ" ಎಂಬುದು ಹೊಸದು. 'ಡಿಟಾಕ್ಸ್' ಎಂಬ ಹೆಸರಿನ ಪುಡಿ, ಚಹಾ, ರಸದ ಬಾಟಲಿಗಳು ಈಗ ಎಲ್ಲ ಅಂಗಡಿಗಳಲ್ಲೂ ಸಿಗುತ್ತವೆ.

ಕೆಲವು ವರ್ಷಗಳ ಹಿಂದೆ ಒಂದು ಶುಕ್ರವಾರ ಸಂಜೆ, ಶಿಲುಬೆಹಾದಿ ಅರ್ಧಕ್ಕೆ ಬರುವಷ್ಟರಲ್ಲಿ ನಮ್ಮ ಪಕ್ಕದಲ್ಲಿದ್ದ ತಾಯಿಯೊಬ್ಬರು ಬೆವೆತು, ಕೈಕಾಲು ನಡುಗಿ ಕುಸಿದು ಕುಳಿತರು. ಬೆಳಗಿನಿಂದ ಅವರು ಕುಡಿದದ್ದು ನಿಂಬೆ ನೀರು ಮಾತ್ರ. ಸಕ್ಕರೆ ಕಾಯಿಲೆಯ ಮಾತ್ರೆಯನ್ನು ಮಾತ್ರ ಎಂದಿನಂತೆ ನುಂಗಿದ್ದರು. ಸಕ್ಕರೆ ನೀರು ಕುಡಿಸಿದ ಮೇಲೆ ಚೇತರಿಸಿಕೊಂಡರು. ಅವರಲ್ಲಿ ಭಕ್ತಿಗೆ ಕೊರತೆಯಿರಲಿಲ್ಲ, ಸಿದ್ಧತೆಗೆ ಕೊರತೆಯಿತ್ತು. ಅದನ್ನು ಮೊದಲೇ ಅವರಿಗೆ ತಿಳಿಹೇಳದಿದ್ದದ್ದು ನಮ್ಮೆಲ್ಲರ ತಪ್ಪು. ಈ ಲೇಖನ ಬರೆಯುವುದಕ್ಕೆ ಅದೇ ಕಾರಣ.

ದೇಹವೇ ತನ್ನನ್ನು ಶುದ್ಧಿ ಮಾಡಿಕೊಳ್ಳುತ್ತದೆ

ನಮ್ಮನ್ನು ಸೃಷ್ಟಿಸಿದ ದೇವರು ಶುದ್ಧೀಕರಣದ ಕೆಲಸವನ್ನು ನಮ್ಮ ದೇಹದೊಳಗೇ ಇಟ್ಟಿದ್ದಾರೆ. ಮದ್ಯ, ಔಷಧಿ ಮುಂತಾದವುಗಳನ್ನು ಪಿತ್ತಜನಕಾಂಗವು ಮಾರ್ಪಡಿಸಿ ಹೊರಹೋಗುವಂತೆ ಮಾಡುತ್ತದೆ. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ದ್ರವವನ್ನು ಸೋಸಿ, ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಹೊರಬಿಡುತ್ತವೆ. ಯಾವ ರಸವೂ ಯಾವ ಪುಡಿಯೂ ಈ ಕೆಲಸವನ್ನು ಅವುಗಳಿಗಿಂತ ಚೆನ್ನಾಗಿ ಮಾಡಲಾರದು. ಮೂರು ದಿನದಲ್ಲಿ ತೂಕ ಇಳಿದರೆ ಅದರಲ್ಲಿ ಬಹುಪಾಲು ನೀರು. ಊಟ ಶುರುವಾದೊಡನೆ ಮರಳಿ ಬರುತ್ತದೆ. ಭೇದಿಗೆ ಹಾಕಿಕೊಂಡರೆ ಹೊರಹೋಗುವುದು ವಿಷವಲ್ಲ, ನೀರು ಮತ್ತು ಲವಣಗಳು.

ಹಾಗಾದರೆ ಕೆಲವು ದಿನದ ಮಿತಾಹಾರದಿಂದ ಪ್ರಯೋಜನವೇ ಇಲ್ಲವೇ? ಇದೆ. ಮದ್ಯ, ಹೊಗೆಸೊಪ್ಪು, ಎಣ್ಣೆಯಲ್ಲಿ ಕರಿದ ತಿಂಡಿ, ಬೇಕರಿಯ ಸಿಹಿ ಇವುಗಳನ್ನು ಬಿಡುವುದೇ ಆ ಪ್ರಯೋಜನ.

ಯಾರು ಕೈಹಾಕಬಾರದು?

ಗರ್ಭಿಣಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು, ಸೊರಗಿದ ವೃದ್ಧರು, ಮೂತ್ರಪಿಂಡದ ತೊಂದರೆಯುಳ್ಳವರು, ಇನ್ಸುಲಿನ್ ತೆಗೆದುಕೊಳ್ಳುವವರು, ಕ್ಷಯಕ್ಕೆ ಔಷಧಿ ನಡೆಯುತ್ತಿರುವವರು ಇಂಥ ಪಥ್ಯದ ಗೋಜಿಗೆ ಹೋಗಬಾರದು. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಮೂರ್ಛೆರೋಗಕ್ಕೆ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಊಟವನ್ನೂ ಬಿಡಬಾರದು, ಮಾತ್ರೆಯನ್ನೂ ಬಿಡಬಾರದು. ಕೆಲವು ಮಾತ್ರೆಗಳು ಹೊಟ್ಟೆ ಖಾಲಿಯಿದ್ದಾಗ ಸಕ್ಕರೆಯನ್ನು ಅಪಾಯದ ಮಟ್ಟಕ್ಕೆ ಇಳಿಸುತ್ತವೆ.

"ಆದರೆ ಉಪವಾಸ ಧರ್ಮಸಭೆಯ ಕಟ್ಟಳೆಯಲ್ಲವೇ?" ಎಂದು ಹಿರಿಯರು ಕೇಳುತ್ತಾರೆ. ಕಟ್ಟಳೆ ಏನೆಂದು ಸರಿಯಾಗಿ ತಿಳಿಯೋಣ. ಉಪವಾಸದ ನಿಯಮ 18 ವರ್ಷ ತುಂಬಿದವರಿಗೆ, 59 ತುಂಬುವವರೆಗೆ ಮಾತ್ರ. ಕಡ್ಡಾಯ ಉಪವಾಸದ ದಿನಗಳು ಎರಡೇ: ವಿಭೂತಿ ಬುಧವಾರ ಮತ್ತು ಶುಭ ಶುಕ್ರವಾರ. ಆ ದಿನಗಳಲ್ಲೂ ಒಂದು ಹೊತ್ತಿನ ಪೂರ್ಣ ಊಟ, ಬೆಳಿಗ್ಗೆ ಮತ್ತು ಸಂಜೆ ಸ್ವಲ್ಪ ಆಹಾರಕ್ಕೆ ಅವಕಾಶವಿದೆ. ಪರಮಪ್ರಸಾದಕ್ಕೆ ಮುಂಚಿನ ಒಂದು ಗಂಟೆಯ ಉಪವಾಸವನ್ನು ನೀರಾಗಲಿ ಔಷಧಿಯಾಗಲಿ ಮುರಿಯುವುದಿಲ್ಲ. ಮಾತ್ರೆ ನುಂಗಿದೆನೆಂದು ಪ್ರಸಾದ ಸ್ವೀಕರಿಸದೆ ಹಿಂದೆ ನಿಲ್ಲುವ ಅಜ್ಜಿಯರಿಗೆ ಇದನ್ನು ದಯವಿಟ್ಟು ತಿಳಿಸಿರಿ.

ಒಂದು ವಾರ ಮೊದಲು

ಆರೋಗ್ಯವಂತರು ಎರಡು ಮೂರು ದಿನ ಹಗುರ ಆಹಾರದಲ್ಲಿರಲು ಬಯಸಿದರೆ ಒಂದು ವಾರ ಮುಂಚೆಯೇ ಆರಂಭಿಸುವುದು ಒಳ್ಳೆಯದು. ದಿನಕ್ಕೆ ನಾಲ್ಕು ಲೋಟ ಕಾಫಿ ಕುಡಿಯುವವರು ಒಮ್ಮೆಲೇ ನಿಲ್ಲಿಸಿದರೆ ಒಂದು ದಿನದೊಳಗೆ ತಲೆ ಸಿಡಿಯತೊಡಗುತ್ತದೆ. ಅದು ವಿಷ ಹೊರಹೋಗುವ ಲಕ್ಷಣವಲ್ಲ, ಕಾಫಿ ತಪ್ಪಿದ್ದರ ಫಲ. ಆದ್ದರಿಂದ ಎರಡು ದಿನಕ್ಕೊಂದು ಲೋಟದಂತೆ ಕಡಿಮೆ ಮಾಡೋಣ. ಮೊದಲು ಕರಿದದ್ದನ್ನು, ಬಳಿಕ ಸಿಹಿಯನ್ನು, ಆಮೇಲೆ ಮಾಂಸವನ್ನು ಬಿಡೋಣ. ಪ್ರತಿದಿನ ಮದ್ಯ ಸೇವಿಸುವವರಿಗೆ ಮಾತ್ರ ಒಂದು ಎಚ್ಚರಿಕೆ: ತಟ್ಟನೆ ನಿಲ್ಲಿಸಿದರೆ ಕೈ ನಡುಕ, ಫಿಟ್ಸ್ ಬರಬಹುದು. ಅವರು ವೈದ್ಯರ ನೆರವಿನಿಂದಲೇ ಬಿಡಬೇಕು.

ಆ ದಿನಗಳಲ್ಲೂ ಬರೀ ರಸಕ್ಕಿಂತ ರಾಗಿ ಅಂಬಲಿ, ಹೆಸರುಬೇಳೆ ತೊವ್ವೆ, ಬೇಯಿಸಿದ ತರಕಾರಿ, ಇಡೀ ಹಣ್ಣು, ಮಜ್ಜಿಗೆ ಲೇಸು. ರಸ ಹಿಂಡಿ ಸೋಸಿದಾಗ ನಾರು ಹೋಗಿ ಸಕ್ಕರೆ ಉಳಿಯುತ್ತದೆ. ನೀರನ್ನು ಬಾಯಾರಿಕೆಗೆ ತಕ್ಕಂತೆ ಕುಡಿಯೋಣ; ಒಂದೇ ಸಮನೆ ಲೀಟರುಗಟ್ಟಲೆ ಕುಡಿದರೆ ರಕ್ತದಲ್ಲಿನ ಉಪ್ಪಿನಂಶ ಕುಸಿಯುತ್ತದೆ. ಬಿಸಿಲಲ್ಲಿ ದುಡಿಯುವ ದಿನ, ದೂರದ ಪಾದಯಾತ್ರೆಯ ದಿನ ಪಥ್ಯ ಬೇಡ.

ಲೋಟದೊಳಗಿನ ಅಪಾಯ

ಸೋರೆಕಾಯಿ ರಸ ಹಲವರಿಗೆ ಪ್ರಿಯ. ಆದರೆ ಕಹಿ ಸೋರೆಕಾಯಿಯಲ್ಲಿ ಕುಕುರ್ಬಿಟಾಸಿನ್ ಎಂಬ ವಿಷವಿರುತ್ತದೆ. ಅದರ ರಸ ಕುಡಿದು ನಮ್ಮ ದೇಶದಲ್ಲಿ ಸಾವುಗಳೂ ಸಂಭವಿಸಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ತಜ್ಞರ ಸಮಿತಿಯಿಂದ ಪರಿಶೀಲನೆ ನಡೆಸಿತು. ಹಿಂಡುವ ಮುನ್ನ ಒಂದು ಸಣ್ಣ ಚೂರನ್ನು ನಾಲಿಗೆಗೆ ಮುಟ್ಟಿಸಿ ನೋಡಬೇಕು. ಕಹಿಯಿದ್ದರೆ ಉಗುಳಿ, ಇಡೀ ಕಾಯಿಯನ್ನು ಎಸೆಯಬೇಕು. "ಕಹಿಯಾದರೆ ಔಷಧಿ" ಎಂಬ ನಂಬಿಕೆ ಇಲ್ಲಿ ಸಲ್ಲದು. ಕುಡಿದ ಮೇಲೆ ವಾಂತಿ, ಹೊಟ್ಟೆನೋವು ಬಂದರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಕರಾವಳಿಯವರು ಉಪ್ಪಿನಕಾಯಿಗೆ ಬಳಸುವ ಹುಳಿ ಬಿಂಬುಳಿಯೂ ಹಾಗೆಯೇ. ಸಾರಿಗೆ ಎರಡು ಕಾಯಿ ಹಾಕಿದರೆ ತೊಂದರೆಯಿಲ್ಲ. ಕೊಲೆಸ್ಟ್ರಾಲ್ ಇಳಿಯಲೆಂದು ಅದರ ಗಟ್ಟಿ ರಸ ಕುಡಿದ ಕೇರಳದ 10 ಜನರ ಮೂತ್ರಪಿಂಡಗಳು ಹಾನಿಗೊಂಡದ್ದನ್ನು ವೈದ್ಯರು 2013ರಲ್ಲಿ ವರದಿ ಮಾಡಿದರು. ಅದರಲ್ಲಿರುವ ಆಕ್ಸಲೇಟ್ ಇದಕ್ಕೆ ಕಾರಣ.

ನಿಲ್ಲಿಸುವುದು ಸೋಲಲ್ಲ

ತಲೆಸುತ್ತು, ನಡುಕ, ತಣ್ಣನೆಯ ಬೆವರು, ಎದೆಬಡಿತ, ಮಾತಿನ ತೊದಲು ಕಂಡರೆ ಆ ಕ್ಷಣವೇ ಪಥ್ಯ ನಿಲ್ಲಲಿ. ಸಕ್ಕರೆ ಕಾಯಿಲೆಯವರಿಗೆ ಪ್ರಜ್ಞೆಯಿದ್ದರೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕಲಸಿ ಕುಡಿಸಿ, 15 ನಿಮಿಷದ ಬಳಿಕ ಮತ್ತೆ ನೋಡಬೇಕು. ಪ್ರಜ್ಞೆಯಿಲ್ಲದವರ ಬಾಯಿಗೆ ಏನನ್ನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ಪಥ್ಯ ಮುಗಿದ ದಿನ ಬಿರಿಯಾನಿಗೆ ಕೈಹಾಕದೆ ಗಂಜಿ, ಮೆತ್ತನ್ನದಿಂದ ಆರಂಭಿಸೋಣ.

ಪ್ರವಾದಿ ಎಲೀಯನು ಹೋರೇಬ್ ಬೆಟ್ಟಕ್ಕೆ ನಲವತ್ತು ದಿನ ನಡೆದದ್ದನ್ನು ನಾವು ನೆನೆಯುತ್ತೇವೆ. ಅದಕ್ಕೆ ಮುಂಚೆ ದೇವದೂತನು ಅವನನ್ನು ಎರಡು ಸಲ ಎಬ್ಬಿಸಿ, ರೊಟ್ಟಿ ತಿನ್ನಿಸಿ ನೀರು ಕುಡಿಸಿದ್ದನ್ನು ಮಾತ್ರ ಮರೆಯುತ್ತೇವೆ. ದೇವರು ಅವನನ್ನು ಬರಿಹೊಟ್ಟೆಯಲ್ಲಿ ಕಳಿಸಲಿಲ್ಲ. ಆದ್ದರಿಂದ ಉಪವಾಸ ಮಾಡಲಾರದವರು ನೊಂದುಕೊಳ್ಳುವುದು ಬೇಡ. ಪ್ರಾರ್ಥನೆಯಿದೆ, ದಾನಧರ್ಮವಿದೆ, ಮುನಿದವರೊಡನೆ ಮಾತನಾಡುವುದಿದೆ. ಡಿಟಾಕ್ಸ್ ಬಾಟಲಿಗೆ ತೆರುವ ಹಣದಲ್ಲಿ ನೆರೆಮನೆಯ ಹಸಿದವರಿಗೆ ಒಂದು ಹೊತ್ತಿನ ಊಟ ಬಡಿಸಿದರೆ ಅದೂ ಉಪವಾಸವೇ.

ಪಾಸ್ಕ ಹಬ್ಬದ ಬೆಳಿಗ್ಗೆ ನಾವೆಲ್ಲರೂ, ಆ ತಾಯಿಯೂ ಸೇರಿ, ಆರೋಗ್ಯದಿಂದ ದೇವಾಲಯದಲ್ಲಿ ಒಟ್ಟಾಗಿ ನಿಲ್ಲುವಂತಾಗಲಿ.