‘ಹಿಂಜಾರುವಿಕೆ’: ಪದದ ಅರ್ಥ ಮತ್ತು ಮೂಲ

ತಪಸ್ಸುಕಾಲದ ಒಂದು ಭಾನುವಾರ ಯಲ್ದೂರಿನಲ್ಲಿ ‘ಹಿಂಜಾರಿದವರ’ ಕುರಿತು ಪ್ರಬೋಧಿಸಿದೆ. ಪೂಜೆಯ ನಂತರ ಹಿರಿಯ ರೈತರೊಬ್ಬರು ಕೇಳಿದರು: “ಜಾರಿದವನದು ಏನು ತಪ್ಪು ಸ್ವಾಮಿ? ಕೆರೆ ಏರಿಯ ಕೆಸರಿನದಲ್ಲವೇ?” ನನಗೆ ತಕ್ಷಣ ಉತ್ತರ ಹೊಳೆಯಲಿಲ್ಲ.

ಪ್ರಶ್ನೆ ನ್ಯಾಯವಾದುದೇ. ‘ಜಾರು’ ಕನ್ನಡ ತೆಲುಗುಗಳೆರಡರಲ್ಲೂ ಇರುವ ದ್ರಾವಿಡ ಧಾತು. ಅದರಲ್ಲಿ ಇಚ್ಛೆಯ ಸುಳಿವಿಲ್ಲ, ಕೆಲಸವೆಲ್ಲ ಇಳಿಜಾರಿನದು. ಅದರ ಬಳಗದ ‘ಹಿಂಜರಿಕೆ’ ಇಂದು ಕೇವಲ ಅಳುಕನ್ನು ಸೂಚಿಸುತ್ತದೆ. ನಮ್ಮ ಪೀಠಗಳಲ್ಲಿ ಕೇಳಿಬರುವ ‘ಹಿಂಜಾರು’ ಇಂಗ್ಲಿಷಿನ ‘ಬ್ಯಾಕ್‌ಸ್ಲೈಡ್’ನ ನೆರಳು. 1611ರ ಕಿಂಗ್ ಜೇಮ್ಸ್ ಅನುವಾದ ಆ ಪದವನ್ನು ಜನಪ್ರಿಯಗೊಳಿಸಿತು.

ಅಲ್ಲಿ ಹೀಬ್ರೂ ಮೂಲದಲ್ಲಿರುವ ಮುಖ್ಯ ಪದ ‘ಮೆಶೂವಾ’. ಹಳೆಯ ಒಡಂಬಡಿಕೆಯಲ್ಲಿ ಅದು 12 ಬಾರಿ ಬರುತ್ತದೆ. 9 ಬಾರಿ ಯೆರೆಮೀಯನಲ್ಲೇ. ಅದರ ಧಾತು ‘ಶೂವ್’, ಅಂದರೆ ತಿರುಗು. ಜಾರುವುದಕ್ಕೂ ಅದಕ್ಕೂ ಸಂಬಂಧವಿಲ್ಲ. ಯೆರೆಮೀಯ 3:22ರಲ್ಲಿ ಈ ಒಂದೇ ಧಾತು ಮೂರು ಸಲ ಬರುತ್ತದೆ: ಮರಳಿರೆಂಬ ಕರೆಯಲ್ಲಿ, ವಿಮುಖರಾದ ಮಕ್ಕಳ ಬಣ್ಣನೆಯಲ್ಲಿ, ದೇವರು ಗುಣಪಡಿಸುವ ಆ ವಿಮುಖತೆಯ ಹೆಸರಿನಲ್ಲಿ. ರೋಗಕ್ಕೂ ಮದ್ದಿಗೂ ಒಂದೇ ಬೇರು. ಪಶ್ಚಾತ್ತಾಪಕ್ಕೆ ಯೆಹೂದ್ಯ ಗುರುಗಳು ಕೊಟ್ಟ ‘ತೆಶೂವಾ’ ಎಂಬ ಹೆಸರೂ ಅದೇ ಬೇರಿನದು. ಸಂತ ಜೆರೋಮ್ ಲತೀನಿನಲ್ಲಿ ಈ ನಂಟನ್ನು ಉಳಿಸಿಕೊಂಡರು. ‘ಅವೆರ್ಸಿಯೋ’, ‘ಕೊನ್ವೆರ್ಸಿಯೋ’ ಜೋಡಿಯನ್ನು ಅಕ್ವಿನಾಸರ ಪಾಪವಿಚಾರದಲ್ಲಿ ನಾವೆಲ್ಲ ಓದಿದ್ದೇವೆ.

ಹೋಶೇಯ 4:16ರ ಕಡಸನ್ನೂ ಇಂಗ್ಲಿಷ್ ಅನುವಾದ ಜಾರಿಸಿಬಿಟ್ಟಿದೆ. ಹೀಬ್ರೂವಿನಲ್ಲಿ ಅದು ಮೊಂಡುಬಿದ್ದ ಕಡಸು. ಪಳಗದ ಕಡಸಿಗೆ ನೊಗ ಹೂಡಿದವರಿಗೆ ಗೊತ್ತು: ಅದು ಜಾರುವುದಿಲ್ಲ, ಕಾಲೂರಿ ನಿಲ್ಲುತ್ತದೆ.

ವಿಚಿತ್ರವೆಂದರೆ, ಹೀಬ್ರೂವಿನ ಈ ಸೊಗಸು ಕನ್ನಡಕ್ಕೆ ಸಹಜವಾಗಿಯೇ ದಕ್ಕುತ್ತದೆ. ‘ತಿರುಗಿಬೀಳು’ ಎಂದರೆ ದಂಗೆ. ‘ತಿರುಗಿ ಬಾ’ ಎಂದರೆ ಮರಳುವಿಕೆ. ಈ ಸೀಮೆಯ ಅನೇಕರ ಮನೆಮಾತಾದ ತೆಲುಗಿನಲ್ಲೂ ‘ತಿರುಗುಬಾಟು’ ದಂಗೆಯೇ, ‘ತಿರಿಗಿ ರಾ’ ಕರೆಯೇ. ಕೈಯಲ್ಲೇ ಇದ್ದ ಪದವನ್ನು ಬಿಟ್ಟು ನಾವು ಎರವಲು ತಂದೆವು.

ಹಾಗೆಂದು ‘ಜಾರು’ವನ್ನು ಪೂರ್ತಿ ಕೈಬಿಡಲು ನಾನು ಒಪ್ಪಲಾರೆ. ಧರ್ಮಸಭೆಯ ‘ಲಾಪ್ಸಿ’ ಎಂಬ ಹಳೆಯ ಪದಕ್ಕೆ ‘ಜಾರಿಬಿದ್ದವರು’ ಎಂದೇ ಅರ್ಥ. 250ರಲ್ಲಿ ದೇಸಿಯಸ್ ಚಕ್ರವರ್ತಿಯ ಆಜ್ಞೆಗೆ ಮಣಿದವರು ಅವರು. ಮರುವರ್ಷ ಕಾರ್ಥೇಜಿನ ಧರ್ಮಾಧ್ಯಕ್ಷ ಸಂತ ಸಿಪ್ರಿಯಾನರು ಅವರನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ತಾವೇ ಓಡಿಹೋಗಿ ಬಲಿಯರ್ಪಿಸಿದವರು ಬೇರೆ, ಪ್ರಮಾಣಪತ್ರವನ್ನಷ್ಟೇ ಪಡೆದವರು ಬೇರೆ, ಚಿತ್ರಹಿಂಸೆಗೆ ಸೋತವರು ಬೇರೆ.

ನಮ್ಮ ನಾಡಿನಲ್ಲೂ ಇಂಥ ‘ಲಾಪ್ಸಿ’ ಇದ್ದರು. ಟಿಪ್ಪುವಿನ ಆಳ್ವಿಕೆಯಲ್ಲಿ, 1784ರಲ್ಲಿ, ಕರಾವಳಿಯ ಕ್ರೈಸ್ತರನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ಯಲಾಯಿತು. ಅನೇಕರು ಬಲವಂತದ ಮತಾಂತರಕ್ಕೆ ಒಳಗಾದರು. 1799ರಲ್ಲಿ ಪಟ್ಟಣ ಬಿದ್ದ ಮೇಲೆ ಪ್ಯಾರಿಸ್ ಮಿಷನ್ನಿನ ಗುರು ಅಬ್ಬೆ ದ್ಯುಬುವಾ, ಹಾಗೆ ಮತಾಂತರಗೊಂಡವರನ್ನು ಧರ್ಮಸಭೆಗೆ ಮರಳಿ ಸೇರಿಸಿಕೊಳ್ಳಲು ಅಲ್ಲಿಗೆ ಹೋದರು. ಆ ಜನ ತಿರುಗಿಬಿದ್ದವರಲ್ಲ. ಅವರ ಕಾಲಕೆಳಗಿನ ನೆಲವೇ ಕುಸಿದಿತ್ತು. ಅವರಿಗೆ ಬೇಕಾಗಿದ್ದುದು ಎತ್ತುವ ಕೈ. ತಿರುಗಿಬಿದ್ದವನಿಗಾದರೆ ಬೇಕಾದುದು ಕರೆಯುವ ದನಿ.

ಪಾಪನಿವೇದನೆಯ ಪೀಠದಲ್ಲಿ ಕುಳಿತವನಿಗೆ ಈ ಭೇದ ವ್ಯಾಕರಣದ ಮಾತಲ್ಲ. ದಶಕದ ನಂತರ ಬಾಗಿಲಿಗೆ ಬಂದವರು ಜಾರಿದವರೋ ತಿರುಗಿದವರೋ ಎಂದು ನಾನು ಈಗ ಮೊದಲು ಕೇಳಿಸಿಕೊಳ್ಳುತ್ತೇನೆ. ಅನೇಕ ಸಲ ಅವರು ಎರಡೂ ಆಗಿರುತ್ತಾರೆ. ಆ ರೈತರಿಗೆ ಉತ್ತರ ಹೇಳಲು ಮುಂದಿನ ಭಾನುವಾರದವರೆಗೆ ಕಾಲಾವಕಾಶ ಕೇಳಿಕೊಂಡೆ.