ಅಳತೆ ಕಪ್ಪು ಕೊಳ್ಳುವ ಮುನ್ನ

ಊರಿನಿಂದ ಅಮ್ಮ ಫೋನಿನಲ್ಲಿ "ಪಾವು ಅಕ್ಕಿಗೆ ಅರ್ಧ ಪಾವು ಹೆಸರುಬೇಳೆ" ಎಂದರೆ ಚಿಂತೆಯಿಲ್ಲ. ಎರಡನ್ನೂ ಒಂದೇ ಲೋಟದಲ್ಲಿ ಅಳೆದರೆ ಹುಗ್ಗಿ ಆಗುತ್ತದೆ. ಕೇಕಿಗೆ ಈ ಧಾರಾಳ ನಡೆಯದು. ಮೊದಲ ಸಲ ನಾನು ಮೈದಾ ಅಳೆದದ್ದು ರೈಸ್ ಕುಕ್ಕರಿನ ಜೊತೆ ಬಂದ ಕಪ್ಪಿನಲ್ಲಿ, ಹಾಲು ಅಳೆದದ್ದು ಕಾಫಿ ಕಪ್ಪಿನಲ್ಲಿ. ಆ ಕೇಕನ್ನು ಚಮಚದಲ್ಲಿ ತಿಂದೆವು!

ಕಪ್ಪು ಎಂದರೆ ಎಲ್ಲ ಕಡೆ ಒಂದೇ ಅಲ್ಲ. ಕುಕ್ಕರಿನದು ಸಾಮಾನ್ಯವಾಗಿ 180 ಮಿ.ಲೀ., ಅಮೆರಿಕದ ಪಾಕಪುಸ್ತಕಗಳದು ಸುಮಾರು 240, ಆಸ್ಟ್ರೇಲಿಯದ್ದು 250. ಟೀ ಚಮಚ 5 ಮಿ.ಲೀ., ಟೇಬಲ್ ಚಮಚ 15. ಆಸ್ಟ್ರೇಲಿಯದಲ್ಲಿ ಮಾತ್ರ 20. ಆದ್ದರಿಂದ ಮಿ.ಲೀ. ಬರೆದಿರುವ ಸೆಟ್ಟನ್ನೇ ಕೊಳ್ಳಿ. ಬಣ್ಣದಲ್ಲಿ ಬರೆದದ್ದು ತೊಳೆದು ತೊಳೆದು ಅಳಿಸಿಹೋಗುತ್ತದೆ. ಸ್ಟೀಲಿನ ಮೇಲೆ ಅಚ್ಚೊತ್ತಿದ್ದರೆ ಉಳಿಯುತ್ತದೆ. ಅಂಚು ಸಮವಾಗಿರಲಿ, ಹಿಟ್ಟು ತುಂಬಿ ಚಾಕುವಿನ ಬೆನ್ನಿನಿಂದ ಸವರಬೇಕಲ್ಲ. ಕಪ್ಪನ್ನು ಡಬ್ಬಿಗೆ ಅದ್ದಿ ಒತ್ತಿ ತುಂಬಿದರೆ ಮೈದಾ ಹೆಚ್ಚಾಗಿ ಕೇಕು ಗಟ್ಟಿಯಾಗುತ್ತದೆ. ಚಮಚಗಳು ದುಂಡಗಿರುವುದಕ್ಕಿಂತ ಉದ್ದಕ್ಕೆ, ಕಿರಿದಾಗಿದ್ದರೆ ಮಸಾಲೆ ಶೀಶೆಯ ಬಾಯಿಗೆ ಸಲೀಸಾಗಿ ಹೋಗುತ್ತವೆ.

ಮನೆಗೆ ತಂದ ಮೇಲೆ ಒಮ್ಮೆ ನೀರು ಹಾಕಿ ನೋಡಿ. ಕಾಲು ಕಪ್ಪು ನಾಲ್ಕು ಸಲ ಸುರಿದರೆ ದೊಡ್ಡ ಕಪ್ಪು ಕಂಠಪೂರ್ತಿ ತುಂಬಬೇಕು. ತೂಕದ ಯಂತ್ರವಿದ್ದರೆ ಇನ್ನೂ ಸುಲಭ, 240 ಮಿ.ಲೀ. ನೀರು ಸುಮಾರು 240 ಗ್ರಾಂ ತೂಗುತ್ತದೆ.

ಅಂದಹಾಗೆ, ಮಗುವಿನ ಸಿರಪ್ಪನ್ನು ಊಟದ ಚಮಚದಲ್ಲಿ ಕೊಡಬೇಡಿ. ಅವುಗಳ ಗಾತ್ರಕ್ಕೆ ಲೆಕ್ಕವೇ ಇಲ್ಲ. ಔಷಧದ ಜೊತೆ ಬಂದ ಅಳತೆ ಮುಚ್ಚಳವನ್ನೇ ಬಳಸಿ, ಇಲ್ಲವಾದರೆ ಔಷಧದಂಗಡಿಯಲ್ಲಿ ಸೂಜಿಯಿಲ್ಲದ ಸಿರಿಂಜು ಕೇಳಿ.