ಅಳುವ ಕೂಸು, ಗಿರಣಿಯ ಭೋಂಗಾ

ಸಂಜೆ ಕವಿಯುವ ಹೊತ್ತಿಗೆ ಮೊಣಕಾಲುಗಳನ್ನು ಹೊಟ್ಟೆಗೆ ಸೆಳೆದುಕೊಂಡು, ಮುಷ್ಟಿ ಬಿಗಿದು, ಮುಖ ಕೆಂಪೇರುವಂತೆ ಅಳಲಾರಂಭಿಸುವ ಹಾಲುಗೂಸಿನ ಮುಂದೆ ಕಂಗೆಡದ ಮನೆ ಇರಲಾರದು. ನಮ್ಮ ಹಿರಿಯರು ಇದನ್ನು ವಾಯುವೆಂದರು, ಹೊಟ್ಟೆಯುಬ್ಬರವೆಂದರು. 1954ರಲ್ಲಿ ಅಮೆರಿಕದ ಶಿಶುವೈದ್ಯ ಮಾರಿಸ್ ವೆಸೆಲ್ ಮತ್ತು ಅವರ ಸಂಗಡಿಗರು, ದಿನಕ್ಕೆ 3 ಗಂಟೆಗೆ ಮೀರಿ, ವಾರದಲ್ಲಿ 3 ದಿನಕ್ಕೆ ಮೀರಿ, 3 ವಾರಗಳನ್ನೂ ದಾಟಿ ನಡೆಯುವ ಅಳುವೆಂದು ಇದಕ್ಕೊಂದು ಲಕ್ಷಣವನ್ನು ವಿಧಿಸಿದರು. ಹುಟ್ಟಿದ ಸುಮಾರು 6 ವಾರಗಳಿಗೆ ಶಿಖರ ಮುಟ್ಟುವ ಈ ರೋದನವು ಮೂರು ನಾಲ್ಕು ತಿಂಗಳಾಗುವಷ್ಟರಲ್ಲಿ ಬಹುತೇಕ ಶಿಶುಗಳಲ್ಲಿ ತಾನಾಗಿಯೇ ಶಮನವಾಗುತ್ತದೆ. ವಾಯುವಿನಿಂದ ಅಳು ಹುಟ್ಟುವುದೋ, ಅಳುವಾಗ ನುಂಗಿದ ಗಾಳಿಯಿಂದ ವಾಯು ಹುಟ್ಟುವುದೋ ಎಂಬ ಪ್ರಶ್ನೆಗೆ ವೈದ್ಯಶಾಸ್ತ್ರವು ಇನ್ನೂ ನಿರ್ಣಾಯಕವಾದ ಉತ್ತರವನ್ನು ಕೊಟ್ಟಿಲ್ಲ. ತಾನಾಗಿ ಹೋಗುವ ವ್ಯಾಧಿಗೆ ಕೊಟ್ಟ ಔಷಧವೆಲ್ಲವೂ ಗೆದ್ದಂತೆಯೇ ತೋರುವುದರಿಂದ, ಈ ಒಂದು ಅಳುವಿಗೆ ಲೋಕದಲ್ಲಿ ಹುಟ್ಟಿಕೊಂಡಿರುವಷ್ಟು ಮದ್ದುಗಳು ಬೇರೆಯದಕ್ಕೆ ಹುಟ್ಟಿರುವುದು ವಿರಳ.

ಮುಂಬಯಿಗೆ ಬಂದು ನೆಲೆಸಿದ ಕನ್ನಡ ಮನೆಗಳು ಊರಿನಿಂದ ಒಂದಿಷ್ಟು ಮದ್ದನ್ನು ತಂದವು. ಚಾಳಿನ ನೆರೆಹೊರೆಯ ಮರಾಠಿ ಮನೆಗಳಿಂದ ಒಂದಿಷ್ಟನ್ನು ಕಲಿತವು. ನಾಭಿಯ ಸುತ್ತ ಬೆಚ್ಚಗಿನ ನೀರಿನಲ್ಲಿ ಕದಡಿದ ಇಂಗನ್ನು ಸವರುವುದು, ಓಮದ ನೀರು, ಸಾಣೆಕಲ್ಲಿನ ಮೇಲೆ ಬಜೆಯನ್ನು ತೇದು ನಾಲಗೆಗೆ ನೆಕ್ಕಿಸುವುದು, ಬಾಣಂತಿಯ ಊಟಕ್ಕೆ ಸಬ್ಬಸಿಗೆ ಸೊಪ್ಪು, ಇವು ನಮ್ಮವು. ಬಜೆಯನ್ನೇ ವೇಖಂಡವೆಂದು ಕರೆದು, ಅದರೊಡನೆ ಅಳಲೆಕಾಯಿ, ಜಾಯಿಕಾಯಿ ಮೊದಲಾದವುಗಳನ್ನು ಒಂದೊಂದೇ ಸುತ್ತು ತೇದು ಕೊಡುವ ಬಾಳಗುಟಿ ಅವರದು. ಈ ವಸ್ತುಗಳ ಗುಣಾವಗುಣವೇನೇ ಇರಲಿ, ಇವೆಲ್ಲಕ್ಕೂ ಸಮಾನವಾಗಿ ಬೇಕಾಗಿದ್ದುದು ಕಾಲು ಚಾಚಿ ಕುಳಿತು, ಕೂಸನ್ನು ಕಾಲ ಮೇಲೆ ಮಲಗಿಸಿಕೊಂಡು, ಎಣ್ಣೆ ತಿಕ್ಕಿ, ನೀರೆರೆದು, ಅದರ ಅಳು ನಿಲ್ಲುವವರೆಗೆ ಬೇರೆ ಕೆಲಸಕ್ಕೆ ಏಳದ ಒಬ್ಬ ಹಿರಿಯ ಹೆಂಗಸು. ಆಕೆಯ ಮಡಿಲಿನ ಬಿಸುಪು, ಅಂಗೈಯ ನೀವುವಿಕೆ, ಭುಜದ ಮೇಲೆ ಹಾಕಿಕೊಂಡು ಬರಿಸಿದ ತೇಗು, ಇವುಗಳ ಫಲವು ತೇದ ಬೇರಿನ ಹೆಸರಿಗೆ ಜಮೆಯಾಯಿತೆಂದೇ ನನ್ನ ನಂಬಿಕೆ.

ಆ ಹಿರಿಯ ಹೆಂಗಸು ಇಲ್ಲದ ಮನೆಗಳಲ್ಲಿ ಏನಾಯಿತೆಂಬುದಕ್ಕೆ ಈ ನಗರದಷ್ಟು ದಾರುಣವಾದ ಸಾಕ್ಷ್ಯವನ್ನು ಬೇರೆಡೆ ಕಾಣುವುದು ಕಷ್ಟ. 1854ರಲ್ಲಿ ಕಾವಸ್‌ಜಿ ನಾನಾಭಾಯಿ ದಾವರ್ ಅವರು ಸ್ಥಾಪಿಸಿದ ಹತ್ತಿಯ ಗಿರಣಿಯ ಹಿಂದೆ ಹತ್ತಾರು ಗಿರಣಿಗಳೆದ್ದು, ಪರಳ, ಲಾಲಬಾಗ, ವರಳಿಗಳ ಸುತ್ತ ಗಿರಣಗಾಂವ್ ಎಂಬ ಗಿರಣಿಗಳ ಊರು ಬೆಳೆದಾಗ, ಊರನ್ನೂ ಅತ್ತೆಯನ್ನೂ ತಾಯಿಯನ್ನೂ ಬಿಟ್ಟು ಬಂದ ಸಾವಿರಾರು ಹೆಂಗಸರು ನೂಲು ಸುತ್ತುವ ವಿಭಾಗಗಳಲ್ಲಿ ಕೆಲಸಕ್ಕೆ ಸೇರಿದರು. ಗಿರಣಿಯ ಸೈರನ್ನಾದ ಭೋಂಗಾ ಬೆಳಿಗ್ಗೆ ಕೂಗಿದೊಡನೆ ಬಾಣಂತಿಯೂ ಎದ್ದು ಹೊರಡಬೇಕು. ಹೋಗದಿದ್ದರೆ ಕೂಲಿಯಿಲ್ಲ, ಕೆಲಸವೂ ಉಳಿಯುವ ನೆಚ್ಚಿಲ್ಲ. ಒಂದೇ ಕೋಣೆಯ ಖೋಲಿಯಲ್ಲಿ, ನೆರೆಯವಳ ಅರೆಗಣ್ಣಿನ ಕಾವಲಿನಲ್ಲಿ ಉಳಿದ ಕೂಸು ದಿನವಿಡೀ ಅಳದಂತೆ ಮಲಗಿರಬೇಕೆಂದು ತಾಯಂದಿರು ಕೊಟ್ಟುದು ‘ಬಾಲಗೋಳಿ’. ಅದು ಅಫೀಮಿನ ಗುಳಿಗೆ. ಸ್ತ್ರೀ ಕಾರ್ಮಿಕರ ಸ್ಥಿತಿಗತಿಗಳನ್ನು ಪರಿಶೀಲಿಸಲು ಮುಂಬಯಿ ಸರ್ಕಾರದಿಂದ ನಿಯುಕ್ತರಾದ ವೈದ್ಯೆ ಡಾ. ಬಾರ್ನ್ಸ್ ಅವರು, ಗಿರಣಿಯ ಹೆಂಗಸರಿಗೆ ಹುಟ್ಟಿದ ಶಿಶುಗಳ ಪೈಕಿ 100ರಲ್ಲಿ 98ಕ್ಕೆ ಅಫೀಮನ್ನು ಕೊಡಲಾಗುತ್ತಿದೆಯೆಂದು 1922ರ ಸುಮಾರಿಗೆ ವರದಿ ಮಾಡಿದರು.

ಅಫೀಮು ಹೊಟ್ಟೆಯುಬ್ಬರವನ್ನು ಇಳಿಸುವುದಿಲ್ಲ. ಅದು ಕರುಳಿನ ಚಲನೆಯನ್ನು ಮಂದಗೊಳಿಸಿ ಮಲಬದ್ಧತೆಯನ್ನುಂಟುಮಾಡುತ್ತದೆ, ಹಸಿವನ್ನು ಅಡಗಿಸುತ್ತದೆ, ಪ್ರಮಾಣ ತುಸು ಮೀರಿದರೂ ಉಸಿರನ್ನು ನಿಲ್ಲಿಸಬಲ್ಲದು. ಮದ್ದಿನ ಮಂಪರಿನಲ್ಲಿರುವ ಕೂಸು ಮೊಲೆ ಚೀಪದು. ಕೂಸು ಚೀಪದಿದ್ದರೆ ತಾಯಿಯಲ್ಲಿ ಹಾಲು ಬತ್ತುವುದು. 1921ರಲ್ಲಿ ಮುಂಬಯಿಯ ಲೆಕ್ಕಪತ್ರಗಳು ತೋರಿಸಿದ ಶಿಶುಮರಣದ ಪ್ರಮಾಣ ಸಾವಿರಕ್ಕೆ 600ನ್ನು ಮೀರಿತ್ತು. ಜನನಗಳ ದಾಖಲೆ ಅಪೂರ್ಣವಾಗಿದ್ದುದರಿಂದ ಈ ಸಂಖ್ಯೆ ನಿಜಕ್ಕಿಂತ ಹಿಗ್ಗಿದೆಯೆಂದು ತಿಳಿದವರು ಹೇಳುತ್ತಾರೆ. ಇಕ್ಕಟ್ಟಾದ ವಸತಿ, ಮಲಿನ ಹಾಲು, ಜ್ವರಗಳೂ ಇದರಲ್ಲಿ ಪಾಲುಗೊಂಡಿದ್ದವು. ಆದರೂ ಓದುವಾಗ ಎದೆ ನಡುಗುತ್ತದೆ. ಆ ತಾಯಂದಿರನ್ನು ಅಜ್ಞಾನಿಗಳೆಂದು ಜರೆಯುವವರ ಮಾತಿಗೆ ನಾನು ಒಪ್ಪಲಾರೆ. ಕೂಸಿಗೆ ಬೇಕಾದುದು ಮಡಿಲೆಂಬುದನ್ನು ಅವರು ಎಲ್ಲರಿಗಿಂತ ಚೆನ್ನಾಗಿ ಬಲ್ಲವರಾಗಿದ್ದರು. ಆ ಮಡಿಲನ್ನು ಗಿರಣಿಯು ಹಗಲಿಡೀ ಕೊಂಡುಕೊಂಡಿತ್ತು.

ಆದುದರಿಂದ ಈ ಹೊಟ್ಟೆನೋವಿಗೆ ಮುಂಬಯಿ ಕಂಡುಕೊಂಡ ನಿಜವಾದ ಔಷಧವು ಹುಟ್ಟಿದ್ದು ಶಾಸನಸಭೆಯಲ್ಲಿ. ಹೆರಿಗೆಯ ಹಿಂದುಮುಂದಿನ ದಿನಗಳಲ್ಲಿ ತಾಯಿಗೆ ವಿಶ್ರಾಂತಿ ದೊರಕುವುದು ರಾಷ್ಟ್ರದ ಹಿತಕ್ಕೇ ಅವಶ್ಯವೆಂದು 1928ರ ಜುಲೈ ತಿಂಗಳಲ್ಲಿ ಡಾ. ಬಿ. ಆರ್. ಅಂಬೇಡ್ಕರರು ಮುಂಬಯಿ ಶಾಸನ ಪರಿಷತ್ತಿನಲ್ಲಿ ವಾದಿಸಿದರು. ಮರುವರ್ಷ, ಭಾರತದಲ್ಲಿಯೇ ಮೊದಲನೆಯದಾಗಿ, ಮುಂಬಯಿ ಪ್ರಾಂತದ ಹೆರಿಗೆ ಸೌಲಭ್ಯ ಕಾಯಿದೆ ಅಂಗೀಕೃತವಾಯಿತು. ಅದೇ 1929ರಲ್ಲಿ ಪರಳದಲ್ಲಿ ಬಾಯಿ ಜೆರ್‌ಬಾಯಿ ವಾಡಿಯಾ ಮಕ್ಕಳ ಆಸ್ಪತ್ರೆಯೂ ತೆರೆಯಿತು. 1931ರಲ್ಲಿ ವರದಿಯೊಪ್ಪಿಸಿದ ರಾಯಲ್ ಕಾರ್ಮಿಕ ಆಯೋಗವು ಕಾರ್ಖಾನೆಗಳಲ್ಲಿ ಶಿಶುವಿಹಾರಗಳು ಬೇಕೆಂದಿತು. ಸ್ವತಂತ್ರ ಭಾರತದ 1948ರ ಕಾರ್ಖಾನೆ ಕಾಯಿದೆ ಅದನ್ನು ಕಡ್ಡಾಯಗೊಳಿಸಿತು.

ಮಧ್ಯಮವರ್ಗದ ಮನೆಗಳಿಗೆ ಬಂದ ಗ್ರೈಪ್ ವಾಟರಿನ ಕಥೆ ಇಷ್ಟು ಕಠೋರವಲ್ಲ. ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ ವಿಲಿಯಂ ವುಡ್‌ವರ್ಡ್ 1851ರಲ್ಲಿ ಸಿದ್ಧಪಡಿಸಿ, 1876ರಲ್ಲಿ ಹೆಸರನ್ನು ನೋಂದಾಯಿಸಿದ ಆ ದ್ರವದಲ್ಲಿದ್ದುದು ನಮ್ಮ ಸಬ್ಬಸಿಗೆಯ ಬೀಜದ ತೈಲ, ಅಡುಗೆ ಸೋಡಾ, ಸಕ್ಕರೆ, ನೀರು. ಅವುಗಳೊಡನೆ 100ಕ್ಕೆ 3.6ರಷ್ಟು ಮದ್ಯಸಾರ. ಸಕ್ಕರೆ ಮತ್ತು ಮದ್ಯಸಾರಗಳೇ ಕೂಸನ್ನು ಸುಮ್ಮನಾಗಿಸುತ್ತಿದ್ದಿರಬೇಕೆಂಬ ಸಂಶಯ ಅಸಂಗತವಲ್ಲ. ಬ್ರಿಟನ್ನಿನಲ್ಲಿ ಮದ್ಯಸಾರವನ್ನು ಕೈಬಿಟ್ಟದ್ದು 1992ರಲ್ಲಿ.

ಕೊಂಕಣ ರೈಲು ಪೂರ್ಣಮಾರ್ಗದಲ್ಲಿ ಓಡಲಾರಂಭಿಸಿದ 1998ರಿಂದೀಚೆಗೆ, ಮಗಳು ತವರಿಗೆ ಹೋಗಲಾಗದಿದ್ದರೆ ಅಜ್ಜಿಯೇ ಉಡುಪಿಯಿಂದ ಡೊಂಬಿವಲಿಗೋ ಮೀರಾ ರೋಡಿಗೋ ಬರುತ್ತಾಳೆ. ಆಕೆಯ ಕೈಯ ಕೌಶಲವನ್ನು ಉಳಿಸಿಕೊಳ್ಳಬೇಕು: ಹಾಲೂಡಿಸಿದ ಬಳಿಕ ನೆಟ್ಟಗೆ ಎತ್ತಿಕೊಂಡು ಬೆನ್ನು ತಟ್ಟುವುದು, ಹೊಟ್ಟೆಯನ್ನು ಮೃದುವಾಗಿ ಸುತ್ತು ನೀವುವುದು, ಕಾಲುಗಳನ್ನು ಒಂದಾದಮೇಲೊಂದರಂತೆ ಹೊಟ್ಟೆಯೆಡೆಗೆ ಮಡಚುವುದು, ಮುಂಗೈಯ ಮೇಲೆ ಕವುಚಿ ಹಾಕಿಕೊಂಡು ಅಡ್ಡಾಡುವುದು, ನಿದ್ರೆಗೆ ಮಾತ್ರ ಅಂಗಾತವಾಗಿಯೇ ಮಲಗಿಸುವುದು. ತೇದ ಬೇರು, ಜೇನುತುಪ್ಪ, ನೀರು ಯಾವುದೂ 6 ತಿಂಗಳವರೆಗೆ ಬಾಯಿಗೆ ಬೇಡ. ಜೇನು ವರ್ಷ ತುಂಬುವವರೆಗೂ ಬೇಡ. ಜ್ವರ ಬಂದರೆ, ಹಸುರು ವಾಂತಿಯಾದರೆ, ಮಲದಲ್ಲಿ ರಕ್ತ ಕಂಡರೆ, ಹೊಟ್ಟೆ ಗಟ್ಟಿಯಾಗಿ ಬಿಗಿದರೆ, ಕೂಸು ಹಾಲೊಲ್ಲದೆ ಸೊರಗಿದರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯತಕ್ಕದ್ದು.

ಕೇಂದ್ರದ ಹೆರಿಗೆ ಸೌಲಭ್ಯ ಕಾಯಿದೆಗೆ 2017ರಲ್ಲಿ ತಂದ ತಿದ್ದುಪಡಿಯು ವೇತನಸಹಿತ ಹೆರಿಗೆ ರಜೆಯನ್ನು 12 ವಾರಗಳಿಂದ 26 ವಾರಗಳಿಗೆ ಏರಿಸಿತು. ಅಳುವಿನ ಕಠಿಣ ಕಾಲವೆಲ್ಲವೂ ಅದರೊಳಗೆ ಕಳೆದುಹೋಗುತ್ತದೆ. ಆದರೆ ಕಲಬುರಗಿ, ಯಾದಗಿರಿ, ವಿಜಯಪುರಗಳ ಕಡೆಯಿಂದ ಬಂದು ಈ ಮಹಾನಗರದ ಕಟ್ಟಡಗಳಿಗೆ ಕಲ್ಲುಮಣ್ಣು ಹೊರುವ ನಮ್ಮ ಹೆಣ್ಣುಮಕ್ಕಳಿಗೆ ಆ ರಜೆಯನ್ನು ಕೊಡುವವರಾರು? 1972ರಿಂದ ಮುಂಬಯಿ ಮೊಬೈಲ್ ಕ್ರೆಷಸ್ ಸಂಸ್ಥೆಯು ಕಟ್ಟಡ ಕಾಮಗಾರಿಯ ತಾಣಗಳಲ್ಲಿಯೇ ಅಂಥವರ ಮಕ್ಕಳಿಗೆ ಶಿಶುವಿಹಾರಗಳನ್ನು ನಡೆಸುತ್ತ ಬಂದಿದೆ. ಹೊಸ ಮನೆ ಕೊಳ್ಳುವ ಓದುಗರು ಬಿಲ್ಡರನನ್ನು ಕಾರಿನ ನಿಲುಗಡೆಯ ಬಗೆಗೆ ಕೇಳುವಾಗ, ಕಟ್ಟುವವರ ಕೂಸುಗಳಿಗೆ ಅಲ್ಲಿ ಒಂದು ಕೋಣೆಯೂ ಒಬ್ಬ ಆರೈಕೆಯವಳೂ ಇರುವರೇ ಎಂಬುದನ್ನೂ ಕೇಳಬೇಕೆಂದು ನನ್ನ ಪ್ರಾರ್ಥನೆ.